ಕಂಪ್ಯೂಟರಿಗೆ ಇಟ್ಟ ಐದು ಬೊಟ್ಟು

ನಮ್ಮ ಮನೆಯ ಕಂಪ್ಯೂಟರಿನ ದನಿ ನಿಂತದ್ದು ದಸರೆಯ ದಿನ, ಗುರುವಾರ, ಬೆಳಿಗ್ಗೆ ಆರೂವರೆಗೆ. ಆಗ ಅದರ ಮುಂದೆ ಕೂತಿದ್ದವಳು ನನ್ನ ಕಾಕಾನ ಮಗಳು. ಈ ಎರಡು ಸಂಗತಿಗಳನ್ನೂ ನಾನು ಡೈರಿಯಲ್ಲಿ ಒಂದೇ ಸಾಲಿನಲ್ಲಿ ಬರೆದೆ.

ಅವಳು ಹುಮನಾಬಾದಿನಿಂದ ಲಿಂಗಂಪಲ್ಲಿಯ ನಮ್ಮ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅಮೆರಿಕದ ಡಾಕ್ಟರರು ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸಕ್ಕೆ ಆಗ ಹೈದರಾಬಾದಿನಲ್ಲಿ ಬಹಳ ಬೇಡಿಕೆ. ನಾವಿಬ್ಬರೂ ಒಂದೇ ತರಬೇತಿ ಕೇಂದ್ರ ಸೇರಿದ್ದೆವು. ಮುಂದಿನ ಮಂಗಳವಾರ ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಪರೀಕ್ಷೆ. ನಮ್ಮ ಬ್ಯಾಚಿನಿಂದ ಒಬ್ಬರನ್ನೇ ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಹೇಳಿದ್ದರು.

ಹತ್ತು ನಿಮಿಷದ ರೆಕಾರ್ಡಿಂಗ್ ಬರೆದು ಮುಗಿಸಲು ನನಗೆ ಐವತ್ತೆರಡು ನಿಮಿಷ ಬೇಕಾಗುತ್ತಿತ್ತು, ಅವಳಿಗೆ ನಲವತ್ತೊಂದು. ಹದಿನಾರು ಭಾನುವಾರಗಳ ಲೆಕ್ಕ ನನ್ನ ಬಳಿ ಇತ್ತು, ಒಂದರಲ್ಲೂ ನಾನು ಮುಂದಿರಲಿಲ್ಲ. ನಾನು ಒಂದನೇ ತರಗತಿಯಿಂದ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಅವಳು ಹತ್ತನೆಯವರೆಗೂ ಕನ್ನಡ ಶಾಲೆ. ಕಂಪ್ಯೂಟರ್ ತಂದದ್ದು ನನಗಾಗಿ. ಅದರ ಮುಂದೆ ಬೆಳಿಗ್ಗೆ ಎರಡು ತಾಸು ಹೆಡ್‌ಫೋನ್ ಹಾಕಿಕೊಂಡು ಅವಳ ಪಾಳಿ, ಸಂಜೆ ಎರಡು ತಾಸು ಸ್ಪೀಕರ್ ಹಚ್ಚಿ ನನ್ನದು. ಅಪ್ಪ ಬೇಗಂ ಬಜಾರಿನ ಕಿರಾಣಿ ಅಂಗಡಿಯಿಂದ ಬಂದವರೇ ಕೇಳುತ್ತಿದ್ದುದು ಅವಳನ್ನು.

“ಕಿವಿ ಅಂದ್ರ ಆಕೀದು ನೋಡು. ಮನ್ಯಾಗ ಚಮಚ ಬಿದ್ರೂ ಇಂಗ್ಲಿಷ್‌ದಾಗ ಬರೀತಾಳ,” ಎಂದು ನಗುತ್ತಿದ್ದರು. ಈ ಮಾತನ್ನು ಅವರು ಆರು ಸಲ ಹೇಳಿದ್ದರು.

ಆದ್ದರಿಂದ ಗುರುವಾರ ನಾನು ಡೈರಿ ತೆರೆದು ಅಪ್ಪನ ಮುಂದೆ ಹಿಡಿದೆ. “ಮಂಗಳವಾರ ಹೆಡ್‌ಫೋನ್ ವೈರ್ ಹಿಡಿದು ಜಗ್ಗಿ ಕಿತ್ತಾಳ. ಬರದಿಟ್ಟೀನಿ. ನಿನ್ನೆ ಆಯುಧಪೂಜಿ, ಯಾರೂ ಮುಟ್ಟಿಲ್ಲ. ಇವತ್ತು ದನಿ ಇಲ್ಲ.”

“ನಾ ಮೆತ್ತಗ ತಗದೀನ್ರಿ ದೊಡ್ಡಪ್ಪಾ,” ಎಂದಳು ಅವಳು.

ಅಪ್ಪ ಡೈರಿಯನ್ನು ನಂಬಿದರು. ಹೆಡ್‌ಫೋನ್ ಅವಳು ಸಿಕ್ಕಿಸಿ ನೋಡುವ ಮೊದಲೇ ಅಲ್ಮಾರಿ ಸೇರಿತು.

ರಿಪೇರಿಗೆ ನಾನೇ ಕೂತೆ. ಗುರುವಾರ ಏಳು ಪ್ರಯತ್ನ, ಶುಕ್ರವಾರ ಹನ್ನೊಂದು. ಪರದೆಯ ಮೂಲೆಯ ಸ್ಪೀಕರ್ ಚಿತ್ರ ಒತ್ತಿ ನೋಡಿದೆ, ದನಿ ಪೂರ್ತಿ ಏರಿಸಿಯೇ ಇತ್ತು. ಹಿಂದಿನ ಹಸಿರು ತೂತಿನಿಂದ ವೈರ್ ಕಿತ್ತು ಮತ್ತೆ ಸಿಕ್ಕಿಸಿದೆ. ಸ್ಪೀಕರುಗಳನ್ನು ಪಕ್ಕದ ಮನೆಯವರ ವಾಕ್‌ಮನ್‌ಗೆ ಹಚ್ಚಿದರೆ ಚೆನ್ನಾಗಿ ಹಾಡಿದವು. ಡ್ರೈವರ್ ತೆಗೆದು, ಸಿ.ಡಿ.ಯಿಂದ ಮತ್ತೆ ಹಾಕಿ, ಐದು ಸಲ ಬಂದ್ ಮಾಡಿ ಚಾಲೂ ಮಾಡಿದೆ. ರೆಕಾರ್ಡಿಂಗ್ ಹಚ್ಚಿದರೆ ಪರದೆಯ ಮೇಲೆ ಹಸಿರು ಪಟ್ಟಿಗಳು ಕುಣಿಯುತ್ತಿದ್ದವು. ಡಾಕ್ಟರ್ ಮಾತಾಡುತ್ತಲೇ ಇದ್ದ, ನಮಗೆ ಕೇಳುತ್ತಿರಲಿಲ್ಲ. ಮುಂಭಾಗದ ಹೆಡ್‌ಫೋನ್ ತೂತನ್ನು ಮಾತ್ರ ನಾನು ನೋಡಲಿಲ್ಲ. ಅದು ಅವಳದು.

ನನ್ನ ಅಭ್ಯಾಸವೂ ನಿಂತಿತ್ತು. ಆದರೆ ಅವಳದೂ ನಿಂತಿದೆ ಎಂಬ ಸಮಾಧಾನದಲ್ಲಿ ಶನಿವಾರ ಪ್ರಯತ್ನ ಎರಡಕ್ಕಿಳಿಯಿತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಅಪ್ಪನ ಹತ್ತಿರ ಹೋದಳು. “ಒಮ್ಮೆ ಹೆಡ್‌ಫೋನ್ ಕೊಡ್ರಿ ದೊಡ್ಡಪ್ಪಾ. ನಾ ಕೆಡಿಸಿದ್ರ ನಾನೇ ನೋಡ್ತೀನಿ.” ಅಪ್ಪ ಕೊಟ್ಟರು. ಮುಂಭಾಗದ ತೂತಿಗೆ ಸಿಕ್ಕಿಸಿದರೆ ಪಿನ್ನು ಅರ್ಧಕ್ಕೇ ನಿಂತಿತು. ಹೊರಗೆಳೆದಾಗ ಅದರ ತುದಿ ಕೆಂಪಾಗಿತ್ತು. ಅವಳು ಕರೆಂಟಿನ ಪ್ಲಗ್ ಕಿತ್ತು, ನೆಲದ ಮೇಲೆ ಕೂತು, ತಲೆಯ ಪಿನ್ನಿನಿಂದ ತೂತನ್ನು ಮೆಲ್ಲಗೆ ಕೆದಕಿದಳು. ಅವಳ ಅಂಗೈಗೆ ಒಂದು ಅಕ್ಕಿಕಾಳು ಬಿತ್ತು. ಅರಿಶಿನ ಹಚ್ಚಿದ, ಕುಂಕುಮ ಮೆತ್ತಿದ ಕಾಳು.

ಒಳಗಿನ ತಗಡನ್ನು ಆ ಕಾಳು ಒತ್ತಿಹಿಡಿದಿತ್ತು. ಹೆಡ್‌ಫೋನ್ ಸಿಕ್ಕಿಸಿದ್ದಾರೆ ಎಂಬಂತೆ ಯಂತ್ರ ಮೂರು ದಿನ ಸ್ಪೀಕರುಗಳ ಬಾಯಿ ಮುಚ್ಚಿತ್ತು.

ಬುಧವಾರದ ನನ್ನ ಬರಹ ಹೀಗಿದೆ: “ಆಯುಧಪೂಜೆ. ಕಂಪ್ಯೂಟರಿಗೆ ಐದು ಬೊಟ್ಟು, ಬೊಟ್ಟಿಗೆ ಐದು ಅಕ್ಷತೆ, ಒಟ್ಟು ಇಪ್ಪತ್ತೈದು. ಅವಳು ತಾನೂ ಇಡುತ್ತೇನೆ ಎಂದಳು. ಬಿಡಲಿಲ್ಲ.” ಕಾಳುಗಳು ಉದುರಬಾರದೆಂದು ಹಸಿ ಕುಂಕುಮದಲ್ಲಿ ಬೆರಳಿನಿಂದ ಒತ್ತಿದ್ದು ನೆನಪಿತ್ತು. ಐದನೆಯ ಬೊಟ್ಟಿಗೆ ಬೇರೆ ಜಾಗ ಕಾಣದೆ ಆ ತೂತಿನ ಮೇಲೇ ಇಟ್ಟಿದ್ದೆ.

ಅವಳು ಪ್ಲಗ್ ಹಾಕಿ, ಚಾಲೂ ಮಾಡಿ, ರೆಕಾರ್ಡಿಂಗ್ ಹಚ್ಚಿದಳು. ಏರಿಸಿಟ್ಟ ದನಿಯಲ್ಲಿ ಡಾಕ್ಟರ್ ಮನೆ ತುಂಬ ಕೂಗಿದ. ಅಡುಗೆಮನೆಯಿಂದ ಅವ್ವ ಓಡಿಬಂದಳು.

“ಏನಾಗಿತ್ತವಾ?” ಎಂದು ಕೇಳಿದರು ಅಪ್ಪ.

ಅವಳು ಮುಷ್ಟಿ ಮುಚ್ಚಿದಳು. ನನ್ನ ಕಡೆ ನೋಡಲಿಲ್ಲ. “ಏನಿಲ್ರಿ, ಒಳಗ ಧೂಳ ಕುಂತಿತ್ತು.”

ವೇಗ ಅವಳದು, ಕಿವಿ ಅವಳದು, ರಿಪೇರಿಯೂ ಅವಳದಾಯಿತು. ಈಗ ದೊಡ್ಡ ಮನಸ್ಸೂ ಅವಳದೇ ಆಗುವುದರಲ್ಲಿತ್ತು. ಅದನ್ನು ನೋಡಿಕೊಂಡಿರಲು ನನ್ನಿಂದಾಗಲಿಲ್ಲ.

“ಧೂಳ ಅಲ್ಲ, ಅಕ್ಷತಿ. ನಾ ಇಟ್ಟದ್ದು. ಆಕೀ ಕೈಯಾಗ ಐತಿ ನೋಡ್ರಿ,” ಎಂದೆ.

ಅಪ್ಪ ಆ ಕಾಳನ್ನು ಬೆಳಕಿಗೆ ಹಿಡಿದು ನೋಡಿದರು. “ಯಂತ್ರಕ್ಕ ಉಣ್ಣಾಕ ಹಾಕೀಯೇನು?”

“ಕುಂಕುಮ ಅಷ್ಟs ಸಾಕು ಅಂದಿದ್ದೆ. ಈಕೀಗೆ ಎಲ್ಲಾದಕ್ಕೂ ಲೆಕ್ಕ ಬೇಕು,” ಎಂದಳು ಅವ್ವ.

ಅಪ್ಪ ನಗಲಿಲ್ಲ. “ಮೂರು ದಿನ ತಪ್ಪು ಆಕೀ ಮ್ಯಾಲ ಹಾಕಿದಿ. ಇವತ್ತು, ನಾಳಿ, ನಿನ್ನ ಪಾಳಿ ಆಕೀಗೆ.”

“ಬ್ಯಾಡ್ರಿ ದೊಡ್ಡಪ್ಪಾ. ಅಕ್ಕನ ಪಾಳಿ ಅಕ್ಕಗs ಇರಲಿ.”

“ಕುಂದರು ಸುಮ್ಮನ,” ಎಂದೆ ನಾನು. “ನೀ ಬಿಟ್ಟುಕೊಟ್ಟದ್ದು ನನಗ ಬ್ಯಾಡ.”

ಅವಳು ಕೂತಳು. ಆ ಸಂಜೆ ನನ್ನ ಎರಡು ತಾಸಿನಲ್ಲಿ ನಾನು ಅಡುಗೆಮನೆಯಲ್ಲಿ ಮೆಂತ್ಯೆಪಲ್ಲೆ ಸೋಸುತ್ತ, ದಂಟಿನಿಂದ ಎಲೆ ಬಿಡಿಸುತ್ತಿದ್ದೆ. ಬಾಗಿಲಾಚೆ ಡಾಕ್ಟರನ ಮಾತು, ಅದರ ಬೆನ್ನಿಗೇ ಅವಳ ಬೆರಳುಗಳ ಸದ್ದು. ಹತ್ತು ನಿಮಿಷದ ರೆಕಾರ್ಡಿಂಗ್ ಮೂವತ್ತೊಂಬತ್ತು ನಿಮಿಷದಲ್ಲಿ ಮುಗಿಯಿತು. ಒಂದು ಔಷಧದ ಹೆಸರು ಮಾತ್ರ ಅವಳಿಗೆ ತಿಳಿಯಲಿಲ್ಲ, ನಾಲ್ಕು ಸಲ ಹಿಂದೆ ತಿರುಗಿಸಿ ಕೇಳಿದಳು. ನನಗೆ ಅದು ಮೊದಲ ಸಲಕ್ಕೇ ತಿಳಿದಿತ್ತು. ಕೈ ಒರೆಸಿಕೊಂಡು ಡೈರಿ ತೆರೆದು, ಮೊದಲು ಅದನ್ನು ಬರೆದೆ.