ದುಡಿಯೋನ ತಟ್ಟೆಯ ಮೂಳೆ

ನಾನು ಓದು ಬಿಟ್ಟಿದ್ದು ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಇಷ್ಟು ವರ್ಷ ಎದೆ ಉಬ್ಬಿಸಿಯೇ ಹೇಳಿಕೊಂಡು ಬಂದಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ, ಅವರು ಕೇಳದಿದ್ದರೂ. ಆದರೆ ಹೋದ ಭಾನುವಾರ ಮಧ್ಯಾಹ್ನ, ಶಿವಮೊಗ್ಗದ ನಮ್ಮ ಮನೆಯಲ್ಲಿ, ಸ್ಟೀಲ್ ತಟ್ಟೆಯ ಅಂಚಿಗೆ ಮೂಳೆ ಬಡಿದ ಟಣ್ ಟಣ್ ಸದ್ದು ಕೇಳಿತು ನೋಡಿ, ಅವತ್ತಿನಿಂದ ಆ ಮಾತು ಮೊದಲಿನಷ್ಟು ಸಲೀಸಾಗಿ ಬಾಯಿಗೆ ಬರ್ತಾ ಇಲ್ಲ.

ಸದ್ದಿನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಸಾರಿನ ವಿಷಯ.

ದನದ ಮಾಂಸಕ್ಕೆ ನಮ್ಮ ಬಜಾರಿನಲ್ಲಿ 'ದೊಡ್ಡದು' ಅಂತಾರೆ, ಕುರಿಯದಕ್ಕೆ 'ಚಿಕ್ಕದು'. ಚಿಕ್ಕದು ನೆಂಟರು ಬಂದಾಗ, ದೊಡ್ಡದು ನಾವು ನಾವೇ ಇದ್ದಾಗ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ; ಅಬ್ಬಾ, ಅಮ್ಮಿ, ನಾನು, ತಂಗಿ. ಅಬ್ಬಾ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಭಾನುವಾರ ಬೆಳಗ್ಗೆ ಸೈಕಲ್ ಹತ್ತಿ ಓಲ್ಡ್ ಟೌನಿಗೆ ಹೋಗಿ, ಅರ್ಧ ಕೆಜಿ ದೊಡ್ಡದನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ಬರೋರು. ಅಷ್ಟು ಸ್ವಲ್ಪದರಲ್ಲೇ ಅಮ್ಮಿ ಮನೆ ಮಂದಿಯ ಹೊಟ್ಟೆ ತುಂಬಿಸುತ್ತಿದ್ದಳು. ಒಂದು ವಾರ ಕಡಲೆಬೇಳೆ, ಸೋರೆಕಾಯಿ ಹಾಕಿ ದಾಲ್ಚಾ. ಒಂದು ವಾರ ಕೈಮಾ ಉಂಡೆ; ಅದರಲ್ಲಿ ಕೈಮಾಕ್ಕಿಂತ ಹುರಿಗಡಲೆ ಹಿಟ್ಟು ಜಾಸ್ತಿ ಅಂತ ನಾನು ಹೇಳಿದರೆ, ನಿನ್ನ ಬಾಯಲ್ಲಿ ನಾಲಿಗೆ ಜಾಸ್ತಿ ಅಂತ ಅವಳು. ಬಕ್ರೀದ್ ಆದಮೇಲೆ ಉಳಿದ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಸವರಿ, ಬಟ್ಟೆ ಹಗ್ಗದ ಮೇಲೆ ಒಣಗಿಸೋಳು. ಕಾಗೆ ಕಾಯೋ ಕೆಲಸ ನನ್ನದು. ಒಂದು ಕೈಲಿ ಕೋಲು, ಇನ್ನೊಂದು ಕೈಲಿ ಸಮಾಜ ಪುಸ್ತಕ. ಆ ಪುಸ್ತಕವನ್ನು ಯಾರಾದರೂ ಓದಿದ್ದರೆ ಅದು ಕಾಗೆಯೇ ಇರಬೇಕು.

ಆದರೆ ಎಲ್ಲದಕ್ಕಿಂತ ಮೇಲೆ ಶೋರ್ವಾ. ಮೂಳೆ ಸಮೇತ ಬೇಯಿಸಿದ ತೆಳು ಸಾರು, ಜೊತೆಗೆ ಅಕ್ಕಿ ರೊಟ್ಟಿ. ಸೌದೆ ಒಲೆಯ ಮೇಲೆ ಬೆಳಗ್ಗೆ ಇಟ್ಟ ಪಾತ್ರೆ ಮಧ್ಯಾಹ್ನದ ನಮಾಜ್ ಹೊತ್ತಿಗೆ ಇಳಿಯೋದು. ಆ ಪಾತ್ರೆಯಲ್ಲಿ ಒಂದೇ ಒಂದು ನಲ್ಲಿ ಮೂಳೆ ಇರೋದು, ಕಾಲಿನದು, ಒಳಗೆ ಮಜ್ಜೆ ತುಂಬಿದ್ದು. ಮಜ್ಜೆಗೆ ನಮ್ಮ ಮನೆ ಮಾತಲ್ಲಿ ಗೂದಾ ಅಂತಾರೆ. ಆ ಮೂಳೆ ದುಡಿಯೋರ ತಟ್ಟೆಗೆ. ಅಮ್ಮಿಯ ತವರಿನಿಂದ ಬಂದ ಪದ್ಧತಿ ಇದು. ಯಾಕೆ ಅಂತ ಯಾರೂ ಕೇಳಿದವರಲ್ಲ.

ಅಬ್ಬಾ ಆ ಮೂಳೆ ತಿನ್ನೋದನ್ನು ನೀವು ನೋಡಬೇಕಿತ್ತು. ತಟ್ಟೆಯ ಅಂಚಿಗೆ ಟಣ್ ಟಣ್ ಅಂತ ಬಡಿಯೋರು. ಆಮೇಲೆ ಬಾಯಿಗಿಟ್ಟು ಒಂದು ಸಲ ಹೀರಿದರೆ ಪಕ್ಕದ ಮನೆಗೆ ಕೇಳೋದು.

"ರೀ, ಮೆಲ್ಲಗೆ. ಕಾರ್ಖಾನೆ ಸೈರನ್ ಅಂತ ಜನ ಡಬ್ಬಿ ಹಿಡ್ಕೊಂಡು ಹೊರಟುಬಿಟ್ಟಾರು" ಅಂತ ಅಮ್ಮಿ.

ಅಬ್ಬಾ ಎಲ್ಲ ಹೀರುತ್ತಿರಲಿಲ್ಲ. ತಳದಲ್ಲಿ ಉಳಿದಿದ್ದನ್ನು ಇನ್ನೊಮ್ಮೆ ಬಡಿದು ನನ್ನ ರೊಟ್ಟಿಯ ಮೇಲೆ ಬೀಳಿಸೋರು. "ಇದು ಓದೋ ತಲೆಗೆ" ಅನ್ನೋರು. ಬೇಕಾ ಅಂತ ಒಂದು ದಿನ ಕೇಳಿದವರಲ್ಲ. ಬೀಳಿಸೋರು, ಅಷ್ಟೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗುತ್ತಿಗೆ ಕೆಲಸ ನಿಂತಿತು. ನಾಳೆ ಕರೀತಾರೆ, ನಾಡಿದ್ದು ಕರೀತಾರೆ ಅಂತ ಅಬ್ಬಾ ಬೆಳಗ್ಗೆ ಎದ್ದು ಅಂಗಿ ಹಾಕ್ಕೊಂಡು ಕೂರೋರು. ಭಾನುವಾರದ ಪಾತ್ರೆಯಲ್ಲಿ ಬರೀ ಬೇಳೆ ಕುದಿಯೋಕೆ ಶುರುವಾಯಿತು. ಒಂದು ದಿನ ನಾನು ಶಾಲೆಗೆ ಹೋಗೋ ದಾರಿಯಲ್ಲಿ ತಿರುಗಿ, ಓಲ್ಡ್ ಟೌನಿನ ಗ್ಯಾರೇಜಿಗೆ ಹೋಗಿ, ಕೆಲಸಕ್ಕೆ ನಿಂತೆ.

"ಹತ್ತನೇದು ಮುಗಿಸೋ. ಒಂದೆರಡು ವರ್ಷ ಗಂಜಿ ಕುಡಿದ್ರೆ ಯಾರೂ ಸಾಯಲ್ಲ" ಅಂದರು ಅಬ್ಬಾ.

"ಗಂಜಿ ಯಾಕೆ ಕುಡೀಬೇಕು? ನಾನು ದುಡೀತೀನಿ."

ಆ ಉತ್ತರ ಹೇಳಿದ ಹುಡುಗನ ಮೇಲೆ ನನಗೆ ಈಗಲೂ ಪ್ರೀತಿ ಇದೆ. ಸಿಟ್ಟೂ ಇದೆ.

ಗ್ಯಾರೇಜಿನ ಮೇಸ್ತ್ರಿ ಹಳ್ಳಿಯ ಒಕ್ಕಲು ಮನೆಯವರು, ಬೈಗುಳದಲ್ಲಿ ಧಾರಾಳಿ, ಕೆಲಸ ಕಲಿಸೋದರಲ್ಲೂ ಧಾರಾಳಿ. ನಾನು ಊಟದ ಡಬ್ಬಿ ತೆಗೆದರೆ ಮುಖ ಆ ಕಡೆ ತಿರುಗಿಸಿ, "ಬೇಗ ಮುಚ್ಚೋ ಮಾರಾಯ, ಆ ಘಮಕ್ಕೆ ನನ್ನ ಜಾತಿ ಅಲ್ಲಾಡುತ್ತೆ" ಅನ್ನೋರು. ಅಮ್ಮಿಗೆ ಹೇಳಿದಾಗ ಅವಳು ನಕ್ಕೂ ನಕ್ಕೂ, ಮಾರನೇ ದಿನ ಅವರಿಗಂತ ಬರೀ ರೊಟ್ಟಿ, ಬೇರೆ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದಳು. ಇರಲಿ, ಎಲ್ಲಿಗೋ ಹೋದೆ.

ಮೊದಲ ಸಂಬಳದ ಭಾನುವಾರ ಅಬ್ಬಾನ ಸೈಕಲ್ಲಿನಲ್ಲಿ ನಾನೇ ಹೋಗಿ ಮಾಂಸ ತಂದೆ. ಮೂಳೆಯನ್ನು ನಾನೇ ಆರಿಸಿದೆ. ಮಧ್ಯಾಹ್ನ ಎಲ್ಲರೂ ಚಾಪೆಯ ಮೇಲೆ ಕೂತೆವು. ಅಮ್ಮಿಯ ಸೌಟಿನಲ್ಲಿ ಮೂಳೆ ಬಂತು. ಸೌಟು ಅಬ್ಬಾನ ಕಡೆ ಹೊರಟಿದ್ದು ನಡುವೆ ನಿಂತಿತು. ಅಮ್ಮಿ ಅಬ್ಬಾನ ಮುಖ ನೋಡಿದಳು.

"ನನ್ನನ್ನೇನು ನೋಡ್ತೀಯ? ದುಡಿಯೋನಿಗೆ ಹಾಕು" ಅಂದರು.

ಮೂಳೆ ನನ್ನ ತಟ್ಟೆಗೆ ಬಿತ್ತು. ನಾನು ಬಡಿದೆ. ಹೀರಿದೆ. ಅಬ್ಬಾನಷ್ಟೇ ಜೋರಾಗಿ ಸದ್ದು ಮಾಡಿದೆ, ಬೇಕಂತಲೇ. ತಂಗಿ ನಕ್ಕಳು. ಅಬ್ಬಾ ರೊಟ್ಟಿ ಮುರಿದುಕೊಂಡು, ನನ್ನ ಶಾಲೆಯ ಚೀಲ ನೇತುಹಾಕಿದ್ದ ಮೊಳೆಯ ಕಡೆ ನೋಡ್ತಾ ಉಂಡು ಎದ್ದರು.

ಅವತ್ತಿನಿಂದ ಅವರು ಮೂಳೆ ಮುಟ್ಟಲಿಲ್ಲ. ಬಕ್ರೀದಿನಲ್ಲಿ ಪಾತ್ರೆ ತುಂಬ ಮೂಳೆ ಇದ್ದರೂ ಇಲ್ಲ. ಆಮೇಲೆ ಮರದ ಡಿಪೋದಲ್ಲಿ ಕಾವಲು ಕೆಲಸ ಸಿಕ್ಕಿದಾಗ ಅಮ್ಮಿ ಮತ್ತೆ ಅವರ ತಟ್ಟೆಗೆ ಹಾಕೋಕೆ ಹೋದಳು. ಕೈ ಅಡ್ಡ ಹಿಡಿದು "ಹಲ್ಲು ಸರಿ ಇಲ್ಲ" ಅಂದರು. ಗೂದಾ ಹೀರೋಕೆ ಹಲ್ಲು ಬೇಕಾಗಲ್ಲ. ಅದು ನನಗೂ ಗೊತ್ತಿತ್ತು, ಅಮ್ಮಿಗೂ ಗೊತ್ತಿತ್ತು.

ಅವರ ಜಾಗ ನಾನು ಕಿತ್ತುಕೊಂಡೆ ಅಂತ ಅವರಿಗೆ ಮುನಿಸು ಅಂದುಕೊಂಡೆ. ಒಂದು ಸಲ, ಒಂದೇ ಸಲ, ತಟ್ಟೆಯನ್ನು ಅವರ ಕಡೆ ಸ್ವಲ್ಪ ತಳ್ಳಿ, "ಬೇಕಿದ್ರೆ ತಗೊಳ್ಳಿ" ಅಂದಿದ್ದೆ. "ಬೇಡ" ಅಂದರು. ಬೇಡವಾದರೆ ಬೇಡ ಅಂತ ತಟ್ಟೆ ಎಳೆದುಕೊಂಡೆ. ಬೇಕಿದ್ರೆ ಅನ್ನೋ ಮಾತಿಗೆ ಸ್ವಾಭಿಮಾನ ಇರೋ ಯಾವ ಮನುಷ್ಯ ಕೈ ಚಾಚುತ್ತಾನೆ ಹೇಳಿ? ನಾನೇ ಆಗಿದ್ದರೂ ಚಾಚುತ್ತಿರಲಿಲ್ಲ. ಅಪ್ಪ ಮಗ ಇಬ್ಬರೂ ಒಂದೇ ಅಚ್ಚು. ಒಂದೇ ಚಾಪೆಯ ಮೇಲೆ ಕೂತು ಎಷ್ಟೋ ಭಾನುವಾರ ಹಾಗೇ ಕಳೆದೆವು.

ಆಮೇಲೆ ನಾನು ಶಿವಮೊಗ್ಗಕ್ಕೆ ಬಂದು ಸ್ವಂತ ಗ್ಯಾರೇಜ್ ಹಾಕಿದೆ. ದುರ್ಗಿಗುಡಿಯ ಹುಡುಗಿಯನ್ನು ಮದುವೆಯಾದೆ. ಮಗಳು ಸನಾ ಹುಟ್ಟಿದ ವರ್ಷ ಅಬ್ಬಾ ತೀರಿಕೊಂಡರು. ಕೆಲವು ವರ್ಷದ ಮೇಲೆ ಅಮ್ಮಿ. ಹೋಗೋ ಮೊದಲು ಅಮ್ಮಿ ತನ್ನ ಶೋರ್ವಾವನ್ನೂ, ಮೂಳೆಯ ಪದ್ಧತಿಯನ್ನೂ ನನ್ನ ಹೆಂಡತಿಗೆ ಒಪ್ಪಿಸಿಯೇ ಹೋಗಿದ್ದಳು.

ಈಗ ದೊಡ್ಡದು ಸಿಗೋದೇ ಕಷ್ಟ. ಕಾನೂನು ಬಿಗಿಯಾದ ಮೇಲೆ ವಯಸ್ಸಾದ ಎಮ್ಮೆಯದು ಮಾತ್ರ, ಅದೂ ಎಲ್ಲ ವಾರ ಇಲ್ಲ. ಮುತ್ತುಗದ ಎಲೆ ಹೋಗಿ ಕಪ್ಪು ಕವರ್ ಬಂತು, ಅದರ ಮೇಲೊಂದು ಬಟ್ಟೆ ಚೀಲ. ಎಮ್ಮೆ ನನ್ನ ಹಾಗೆ, ಬೇಗ ಮೆತ್ತಗಾಗೋ ಪ್ರಾಣಿ ಅಲ್ಲ. ಹಸಿ ಪಪ್ಪಾಯಿ ಹಚ್ಚಿಟ್ಟರೂ ಕುಕ್ಕರ್ ಕೂಗಿ ಕೂಗಿ ಸುಸ್ತಾಗುತ್ತೆ. ಆದರೂ ಹೋದ ಭಾನುವಾರ ತಂದೆ. ಕಾರಣ ಇತ್ತು. ಸನಾ ಓದು ಪೂರ್ತಿ ಮುಗಿಸಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಮೊದಲ ಸಂಬಳ ಬಂದಿತ್ತು.

ಹೆಂಡತಿ ಬಡಿಸೋಕೆ ಬಂದಳು. ಸೌಟಿನಲ್ಲಿ ಮೂಳೆ. ನನ್ನ ಕಡೆ ಬರ್ತಿದ್ದ ಸೌಟು ನಿಂತಿತು. ಅವಳು ನನ್ನ ಮುಖ ನೋಡಿದಳು.

"ಅವಳಿಗೆ ಹಾಕು" ಅಂದೆ.

"ಏನಬ್ಬಾ, ರಿಟೈರ್ ಆದ್ರಾ?" ಅಂದಳು ಸನಾ.

ಜಾಗ ಹೋಯಿತಲ್ಲ, ಈಗ ಎದೆಯೊಳಗೆ ಏನಾದರೂ ಚುಚ್ಚುತ್ತೆ ಅಂತ ಕಾದೆ. ಇಷ್ಟು ವರ್ಷ ಅಬ್ಬಾನಿಗೆ ಚುಚ್ಚಿದ್ದು ಅದೇ ಅಂತ ತಾನೆ ನಂಬಿದ್ದು? ಚುಚ್ಚಲಿಲ್ಲ. ಬದಲಿಗೆ ಬೀದಿಗೆ ಹೋಗಿ ಎಲ್ಲರನ್ನೂ ಕೂಗಿ ಕರೆದು ಆ ತಟ್ಟೆ ತೋರಿಸಬೇಕು ಅನ್ನಿಸಿತು. ಮಕ್ಕಳ ತಟ್ಟೆಗೆ ಮೂಳೆ ಬಂದರೆ ಆಗೋದು ಖುಷಿಯೇ ಆದರೆ, ಅಬ್ಬಾನಿಗೆ ಆಗಿದ್ದೇನು? ಆಗ ನೆನಪಾಗಿದ್ದು ಮೊಳೆಯಲ್ಲಿ ನೇತಾಡ್ತಿದ್ದ ಚೀಲ. ಇವಳ ತಟ್ಟೆಗೆ ಮೂಳೆ ಓದು ಮುಗಿದ ಮೇಲೆ ಬಂತು. ನನ್ನ ತಟ್ಟೆಗೆ ಬಂದಿದ್ದು ಓದನ್ನೇ ಮುಗಿಸಿಹಾಕಿ. ಅವರು ಸಿಟ್ಟಾಗಿರಲಿಲ್ಲ. ಮಗನ ಶಾಲೆ ಕೊಟ್ಟು ಕೊಂಡ ಮೂಳೆ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟೆ. ಇದೂ ನನ್ನ ಊಹೆಯೇ. ಯಾರನ್ನು ಕೇಳಬೇಕಿತ್ತೋ ಅವರು ಎದುರಿಗಿದ್ದಾಗ ಕೇಳದವನಿಗೆ ಊಹೆ ಬಿಟ್ಟು ಇನ್ನೇನಿದೆ?

ಟಣ್ ಟಣ್. ಸನಾ ಮೂಳೆ ಬಡಿದಳು. ಗೂದಾ ಪೂರ್ತಿ ಅವಳ ಅಕ್ಕಿ ರೊಟ್ಟಿಯ ಮೇಲೆ ಬಿತ್ತು. ಅದನ್ನು ಮಡಿಸಿ, ಎರಡು ತುಂಡು ಮಾಡಿ, ಒಂದನ್ನು ನನ್ನ ಬಾಯಿಯ ಹತ್ತಿರ ತಂದಳು.

"ನಿನ್ನದು ನೀನೇ ತಿನ್ನು. ನನಗೆ ಹಲ್ಲು ಸರಿ ಇಲ್ಲ" ಅಂದೆ. ಅಬ್ಬಾನ ಮಾತು ನನ್ನ ಬಾಯಿಂದ ಹೇಗೆ ಬಂತೋ.

"ಗೂದಾಕ್ಕೆ ಹಲ್ಲೆಂಥದು? ಓದೋ ತಲೆಗೆ, ಓದೋ ತಲೆಗೆ ಅಂತ ಎಷ್ಟು ವರ್ಷ ನನಗೆ ತಿನ್ನಿಸಿದ್ರಿ. ಓದದ ತಲೆಗೂ ಸ್ವಲ್ಪ ಹೋಗ್ಲಿ. ಬಾಯಿ ಬಿಡಿ ಅಬ್ಬಾ."

ಬೇರೆ ಯಾರಾದರೂ ಈ ಮಾತಂದಿದ್ದರೆ ಸ್ಪ್ಯಾನರ್ ಹುಡುಕುತ್ತಿದ್ದೆ. ಹೆಂಡತಿ ಸೌಟು ಹಿಡಿದುಕೊಂಡೇ ನಗ್ತಿದ್ದಳು. ನಾನು ಬಾಯಿ ಬಿಟ್ಟೆ. ಎಷ್ಟು ಸುಲಭ ಇತ್ತು ನೋಡಿ. ಅಬ್ಬಾನನ್ನು ನಾನು ಬೇಕಾ ಅಂತ ಕೇಳಬಾರದಿತ್ತು. ಮುರಿದು ಬಾಯಿಗೆ ಇಟ್ಟುಬಿಡಬೇಕಿತ್ತು.

ಈಗ ನನ್ನ ಹತ್ತಿರ ಒಂದು ಗ್ಯಾರೇಜಿದೆ. ಸಾಲವಿಲ್ಲದ ಒಂದು ಮನೆ, ಒಬ್ಬಳು ಹೆಂಡತಿ, ಒಬ್ಬಳು ಮಗಳು. ಓದಿನಲ್ಲಿ ಎಂಟೂವರೆ ಕ್ಲಾಸು. ಮಾಂಸ ಸಿಕ್ಕಿದ ಭಾನುವಾರ, ಅರ್ಧ ಮೂಳೆಯ ಗೂದಾ. ಅದರಲ್ಲೊಂದು ತುಂಡು ಮುರಿದು ಬಾಯಿಗಿಡೋಕೆ ಅಬ್ಬಾ ಇಲ್ಲ.