ಹಸೆಯ ಕಂಬಳಿ

ಅಣ್ಣನದು ಒಡಕು ದನಿ. ಮಾತಿಗೆ ಮೊದಲು ಎರಡು ಸಲ ಕೆಮ್ಮುವನು, ಗಂಟಲ ಗಂಟು ಮೇಲೆ ಕೆಳಗೆ ಓಡುವುದು, ಆಮೇಲೆ ಹರಿದ ತಮಟೆಯಂಥ ಆ ದನಿ ಹೊರಡುವುದು. ಒಮ್ಮೆ ಕೇಳಿದವರು ಮರೆಯುವಂತಿರಲಿಲ್ಲ.

ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವನು ಅವನೇ. ಎಪ್ಪತ್ತರ ದಶಕದ ಕೊನೆ, ಚನ್ನಗಿರಿಯಲ್ಲಿ ಆಗಷ್ಟೇ ವಕೀಲಿಕೆ ಶುರು ಮಾಡಿದ್ದ. ನನ್ನ ಪರೀಕ್ಷೆ ಇದ್ದ ದಿನ ಕರಿ ಕೋಟಿನಲ್ಲೇ ಬಂದು ಕಾಲೇಜಿನ ಗೇಟಿನಲ್ಲಿ ಕಾಯುತ್ತಿದ್ದ. ಅಂಥವನನ್ನು ನೆನೆದರೆ ನನಗೆ ಈಗಲೂ ಹೇಸಿಗೆ. ಏನು ಮಾಡಲಿ?

ಬಿಳಿಚೋಡು ಕಡೆಯ ಸಾಹುಕಾರನೊಬ್ಬ ಕುರಿಗಾಹಿಯನ್ನು ಕಡಿದು ಕೊಂದನೆಂಬ ಕೇಸು ಪೇಪರುಗಳಲ್ಲೆಲ್ಲ ಬಂದಿತ್ತು. ಸಾಹುಕಾರನ ಪರ ಅಣ್ಣ. ಕಣ್ಣಾರೆ ಕಂಡ ಸಾಕ್ಷಿ ಅಂತ ಇದ್ದವಳು ಒಬ್ಬಳೇ, ಸತ್ತವನ ತಾಯಿ.

“ಹೆಣ್ಮಗಳು ಜೊತೆಗಿದ್ರೆ ಮುದುಕಿ ಬಾಯಿ ಬಿಡ್ತಾಳೆ, ಬಾರೇ,” ಎಂದು ನನ್ನನ್ನು ಹೊರಡಿಸಿದ. ನಾನೂ ಹೋದೆ. ಮುದುಕಿಯ ಮನೆಯಲ್ಲಿ ಅಣ್ಣ ತಾನು ವಕೀಲನೆಂದು ಹೇಳಲೇ ಇಲ್ಲ.

“ತಂಗಿ ಮದ್ವೆ ಐತಮ್ಮ. ಹಸೆಗೆ ಹಾಸಾಕೆ ಕಂಬಳಿ ಬೇಕಿತ್ತು,” ಎಂದ. ಯಾವ ಮದುವೆ! ನನಗಿನ್ನೂ ಗಂಡೇ ನೋಡಿರಲಿಲ್ಲ.

ಉಣ್ಣೆ ನೂಲುತ್ತಿದ್ದ ಮುದುಕಿ ನನ್ನ ಕೈ ತಡವಿದಳು. “ಸಾವಾದ ಮನೆ ಕಂಬಳಿ ಹಸೆಗೆ ಬ್ಯಾಡವ್ವ. ನನ್ನ ಮಗನ್ನ ಕೊಂದು ವರ್ಸ ತುಂಬಿಲ್ಲ. ಬ್ಯಾರೆ ಮನ್ಯಾಗೆ ತಗೊಳ್ರಿ.” ಮಾರುವ ಕಂಬಳಿಯನ್ನು ಮಾರದೆ ಮಜ್ಜಿಗೆ ಕೊಟ್ಟಳು.

ಅಣ್ಣ ಮಜ್ಜಿಗೆ ಕುಡಿಯುತ್ತಲೇ ಕೇಳಿದ: “ಕೊಂದೋನ್ನ ನೋಡಿದ್ಯೇನಮ್ಮ?”

“ಹಗಲಾಗೇ ಕಣ್ಣು ಮಬ್ಬಪ್ಪಾ, ಸಂಜಿ ಆದ್ರೆ ಮಖ ಎಲ್ಲಿ ಕಾಣ್ತೈತೆ? ದನಿ ಕೇಳ್ತು. ಸಾಹುಕಾರನ ದನಿ ನಂಗೆ ಗೊತ್ತಾಗಲ್ವಾ? ಪೊಲೀಸ್ನೋರು ಕಂಡೆ ಅಂತ ಬರ್ಕಂಡ್ರು.”

ಬಸ್ಸಿನಲ್ಲಿ ಅಣ್ಣನ ಮುಖ ಅರಳಿತ್ತು. “ಹಂಗಾದ್ರೆ ಕೊಂದಿದ್ದು ಸಾಹುಕಾರನೇ ಅಲ್ವೇನಣ್ಣಾ?” ಎಂದೆ.

“ಅದು ನಮ್ ಕೆಲ್ಸ ಅಲ್ಲ. ಬಾಯ್ಮುಚ್ಕೊಂಡಿರು.”

ಸೆಷನ್ಸ್ ಕೋರ್ಟಿನಲ್ಲಿ ಕಟಕಟೆಗೆ ಬಂದ ಮುದುಕಿಯ ಎದುರು ಅಣ್ಣ ಎದ್ದು ನಿಂತ. ಎರಡು ಸಲ ಕೆಮ್ಮಿ, “ಹೇಳಮ್ಮಾ,” ಎಂದ ಅಷ್ಟೇ. ಮುದುಕಿ ದನಿ ಬಂದತ್ತ ಕತ್ತು ಹೊರಳಿಸಿ, ಮುಖ ತುಂಬ ಅಕ್ಕರೆಯಿಂದ ಕೇಳಿದಳು:

“ತಂಗಿ ಮದ್ವಿಗೆ ಕಂಬಳಿ ಸಿಕ್ತೇನಪ್ಪಾ?”

ಕೇಸು ನೋಡಲು ಹೊನ್ನಾಳಿಯಿಂದ ಬಂದಿದ್ದ ವಕೀಲರೆಲ್ಲ ಗೊಳ್ಳೆಂದರು. “ಅರಳುಮರಳು ಸ್ವಾಮಿ,” ಎಂದು ಅಣ್ಣನೂ ನಕ್ಕ. ಆಮೇಲೆ ದೂರ ನಿಂತು ಬೆರಳೆತ್ತಿ, ಎಷ್ಟು ಎಂದು ಕೇಳಿದ. ಅವಳಿಗೆ ಕಾಣಲಿಲ್ಲ. ದನಿಯ ಮಾತನ್ನು ಅವನು ಎತ್ತಲೇ ಇಲ್ಲ. ಬರೀ ದನಿಯಿಂದಲೇ ಅವಳು ಆಳನ್ನು ಗುರುತು ಹಿಡಿದದ್ದನ್ನು ಕಣ್ಣೆದುರೇ ಕಂಡವಳು ನಾನು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಸಾಹುಕಾರ ಬಿಡುಗಡೆಯಾದ.

ಅಣ್ಣ ದೊಡ್ಡ ವಕೀಲನಾದ. ಮೊನ್ನೆ ತೀರಿಕೊಂಡಾಗ ಜನ ಅವನ ಬುದ್ಧಿಯನ್ನು ಹೊಗಳಿದ್ದೇ ಹೊಗಳಿದ್ದು. ನಾನೂ ಅತ್ತೆ. ಇವತ್ತು ನಾಲ್ಕು ಅಕ್ಷರ ಬರೆಯುತ್ತಿರುವುದು ಅವನಿಂದಲೇ.

ಕೇಸು ಮುಗಿದ ಮರುವರ್ಷ ನ್ಯಾಮತಿಯಲ್ಲಿ ನನ್ನ ಮದುವೆ. ಹಸೆಗೆ ಹೊಸ ಕಂಬಳಿಯನ್ನು ಅಣ್ಣನೇ ತಂದು, ಸುಕ್ಕು ತೆಗೆದು ಹಾಸಿದ. “ಕಂಬಳಿ ಸಿಕ್ತೇನಪ್ಪಾ” ಎಂದ ಮುದುಕಿಯ ಮಾತು ಕಿವಿಯಲ್ಲೇ ಇತ್ತು. ಥೂ, ಆದರೂ ನಾನು ಅದರ ಮೇಲೆ ಕೂತೆ.