ತಮ್ಮನ ಕೆನ್ನೆಗೊಂದು ಬ್ರಷ್ಷು

ನನ್ನ ತಮ್ಮನಿಗೆ ಅವನ ಹೋಟೆಲಿನವರು ಇಟ್ಟ ಹೆಸರು ಕನ್ನಡಿ. ಅವನ ಕೆನ್ನೆ ನೋಡಿಕೊಂಡೇ ತಲೆ ಬಾಚಬಹುದು, ಅಷ್ಟು ನುಣ್ಣಗೆ ಶೇವ್ ಮಾಡಿಕೊಂಡು ಬರುತ್ತಾನೆ ಅಂತ ಅಡುಗೆಮನೆಯವರು ಶುರು ಮಾಡಿದ ತಮಾಷೆ. ಆ ದೊಡ್ಡ ಹೋಟೆಲಿನ ಗಾಜಿನ ಬಾಗಿಲು ತೆಗೆಯುವುದು, ಬಂದವರಿಗೆ ನಕ್ಕು ತಲೆ ಬಾಗಿಸುವುದು, ಮತ್ತೆ ಬಾಗಿಲು ಹಾಕುವುದು, ಇದು ಅವನ ಕೆಲಸ. ಇದೂ ಒಂದು ಕೆಲಸವೇ ಅಂತ ಕೇಳುವವರಿದ್ದಾರೆ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೆಳಗಿನಿಂದ ಸಂಜೆವರೆಗೆ ಗುರುತು ಪರಿಚಯ ಇಲ್ಲದವರಿಗೆ ಒಂದೇ ಸಮ ನಗುಮುಖ ತೋರಿಸಿ ನೋಡಲಿ, ಆಮೇಲೆ ಮಾತಾಡಲಿ.

ನಾನು ಅವನ ಅಕ್ಕ, ಕಸುಬಿನಲ್ಲಿ ಟೈಲರ್. ಕೆಳಗೆ ನನ್ನ ಅಂಗಡಿ, ಮೇಲೆ ನಮ್ಮ ಎರಡು ಕೋಣೆ. ಅಮ್ಮ ತೀರಿಕೊಂಡಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ, ನಾನೇ ಎತ್ತಿ ಆಡಿಸಿ ಬೆಳೆಸಿದೆ. ನಾನು ಮದುವೆ ಆಗಲಿಲ್ಲ. ಅವನು ಆದ, ಅದು ನಿಲ್ಲಲಿಲ್ಲ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಗಂಟುಬಿದ್ದೆವು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವನಿಗೆ ಕೋಪ ಅಂದರೆ ಏನು ಅಂತಲೇ ಗೊತ್ತಿಲ್ಲ. ನಾನು ಕೂಗಾಡುತ್ತಿದ್ದರೆ, ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡು ಬಚ್ಚಲಿನಿಂದ ಇಣುಕಿ, “ಅಕ್ಕ, ಮುಗೀತಾ, ಇನ್ನೂ ಇದೆಯಾ?” ಅಂತ ಕೇಳುವ ಆಸಾಮಿ.

ಹೋಟೆಲಿಗೆ ಪಾತ್ರೆ ತೊಳೆಯಲು ಸೇರಿದವನು ಅವನು. ಆಮೇಲೆ ಪೆಟ್ಟಿಗೆ ಹೊತ್ತ, ಆಮೇಲೆ ಬಾಗಿಲಿಗೆ ಬಂದ. ಬಾಗಿಲಿಗೆ ಬಂದ ಮೇಲೆ ಮುಖವೇ ಅವನ ಬಂಡವಾಳವಾಯಿತು. ದಿನಾ ಬೆಳಿಗ್ಗೆ ಬಿಸಿನೀರಲ್ಲಿ ಬ್ರಷ್ಷು ನೆನೆಹಾಕಿ, ಬಟ್ಟಲಲ್ಲಿ ಸೋಪು ತಿರುವಿ ತಿರುವಿ ನೊರೆ ಬರಿಸಿ, ಏನೋ ದೊಡ್ಡ ಪೂಜೆಗೆ ಕೂತವನ ಹಾಗೆ ಶೇವ್ ಮಾಡಿಕೊಳ್ಳುತ್ತಿದ್ದ. ನಾನು ಹೊರಗೆ ಬಕೆಟ್ ಹಿಡಿದುಕೊಂಡು ಬಾಗಿಲು ಬಡಿಯುತ್ತಿದ್ದೆ.

ಆ ನೋವು ಬಂದದ್ದೂ ಬಚ್ಚಲಿನಲ್ಲೇ. ಒಂದು ಬೆಳಿಗ್ಗೆ ಎಂಥದೋ ಕೂಗು ಕೇಳಿಸಿತು. ಮನುಷ್ಯನ ಕೂಗು ಅಂತ ಮೊದಲು ಅನಿಸಲೇ ಇಲ್ಲ. ಓಡಿಹೋಗಿ ನೋಡಿದರೆ ತೊಟ್ಟಿಯ ಅಂಚು ಹಿಡಿದುಕೊಂಡು ಬಗ್ಗಿದ್ದಾನೆ, ಅರ್ಧ ಮುಖ ನೊರೆ, ಕಣ್ಣಲ್ಲಿ ನೀರು. “ಕೆನ್ನೆಗೆ ಕರೆಂಟ್ ಹೊಡೀತು ಅಕ್ಕ” ಅಂದ. ನಾನು ಪೆದ್ದಿ, ಎಲ್ಲಿ ವೈರು ಕಿತ್ತುಹೋಗಿದೆ ಅಂತ ಗೋಡೆ ಹುಡುಕಿದೆ.

ಆವತ್ತಿನಿಂದ ಅದು ಬಿಡಲಿಲ್ಲ. ಹಲ್ಲುನೋವಿರಬೇಕು ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎರಡು ದವಡೆ ಹಲ್ಲು ಕೀಳಿಸಿಕೊಂಡು ಬಂದ. ಹಲ್ಲು ಹೋದವು, ನೋವು ಹೋಗಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನೋಡಿ, ಇದು ಮುಖದ ನರದ ಕಾಯಿಲೆ ಅಂದರು. “ಮಾತ್ರೆ ನಿಧಾನವಾಗಿ ಏರಿಸ್ಬೇಕು. ಅದರಲ್ಲಿ ಹಿಡಿತಕ್ಕೆ ಬರದಿದ್ರೆ ಆಪರೇಷನ್ನು, ಅದಕ್ಕೆ ಸರದಿ ಕಾಯ್ಬೇಕು. ಅಲ್ಲಿವರೆಗೆ ಮುಖಕ್ಕೆ ಗಾಳಿ ಬಡಿಯದ ಹಾಗೆ ನೋಡ್ಕೊಳಿ. ಕೂದಲೆಳೆ ಸೋಕಿದ್ರೆ ಸಾಕು, ನೋವು ಎದ್ದುಬಿಡುತ್ತೆ.” ಕೂದಲೆಳೆಗೇ ಹೀಗಾದರೆ ಕೈ ತಾಗಿದರೆ ಗತಿ ಏನು ಅಂತ ನಾನು ಅವತ್ತೇ ಅವನ ಮುಖದಿಂದ ಕೈ ದೂರ ಇಟ್ಟೆ. ಯಾರಾದರೂ ಹಾಗೇ ಯೋಚಿಸುತ್ತಾರೆ ತಾನೇ?

ಗಡ್ಡ ಬೆಳೆಯಿತು. ಬೆಳೆದ ಗಡ್ಡವೇ ಅವನ ಶತ್ರುವಾಯಿತು. ಅಂಗಿಯ ಕಾಲರ್ ತಾಗಿ ಒಂದು ಕೂದಲು ಅಲುಗಿದರೂ ಕೆನ್ನೆಯಿಂದ ಕಣ್ಣಿನವರೆಗೆ ಮಿಂಚು ಹೊಡೆಯುತ್ತಿತ್ತು. ಅಗಿದರೆ ನೋವು, ಆಕಳಿಸಿದರೆ ನೋವು, ನಕ್ಕರಂತೂ ಕೇಳಲೇಬೇಡಿ. ಹಾಲಲ್ಲಿ ನೆನೆಸಿದ ಬ್ರೆಡ್ಡು ತಿಂದುಕೊಂಡು ಗೋಡೆಗೆ ಮುಖಮಾಡಿ ಕೂರುತ್ತಿದ್ದ. ಪಕ್ಕದ ಬೀದಿಯ ಕ್ಷೌರದ ಅಂಗಡಿಯವನು ಮನೆಗೇ ಬಂದು ಒಂದು ಸಲ ಪ್ರಯತ್ನಪಟ್ಟ. ಬೆರಳಲ್ಲಿ ನೊರೆ ಸವರಿದ್ದೇ ತಡ, ನನ್ನ ತಮ್ಮ ಕುರ್ಚಿ ಸಮೇತ ಬಿದ್ದ. “ಬೈಕೋಬೇಡಿ ಅಕ್ಕ, ಇದು ನನ್ನ ಕೈಲಿ ಆಗಲ್ಲ” ಅಂತ ಪೆಟ್ಟಿಗೆ ಮುಚ್ಚಿಕೊಂಡು ಹೋದ. ಅವನನ್ನು ಏನಂತ ಬೈಯಲಿ?

ಹೋಟೆಲಿನ ಮ್ಯಾನೇಜರು ಕೆಟ್ಟವರಲ್ಲ. ತಾವೇ ಬಂದು ನೋಡಿಕೊಂಡು ಹೋದರು. ಬಾಗಿಲಿನ ಗಾಳಿ ಆಗದಿದ್ದರೆ ಒಳಗೆ ಸಾಮಾನು ಕೋಣೆಯಲ್ಲಿ ಕೂರಲಿ ಅಂದರು. “ಆದ್ರೆ ಗಡ್ಡ ಮಾತ್ರ ನಡೆಯಲ್ಲಮ್ಮ. ಅಲ್ಲಿಗೂ ಅತಿಥಿಗಳು ಬರ್ತಾರೆ, ಮೇಲಿನವರು ನನ್ನ ಕೇಳ್ತಾರೆ. ಸೋಮವಾರ ಶೇವ್ ಮಾಡ್ಕೊಂಡು ಬರ್ಲಿ. ಅದಕ್ಕಿಂತ ಹೆಚ್ಚು ನಾನು ತಡೆಯೋಕಾಗಲ್ಲ.”

ನನಗೆ ಕೆಲಸದ ಚಿಂತೆ ಅಷ್ಟಿರಲಿಲ್ಲ. ಮಷಿನ್ನು ತುಳಿದು ಇಬ್ಬರ ಹೊಟ್ಟೆ ತುಂಬಿಸುವ ಶಕ್ತಿ ನನಗಿನ್ನೂ ಇದೆ. ನನ್ನ ಚಿಂತೆ ಅವನ ಜೀವದ್ದು. ಒಂದು ಮಧ್ಯಾಹ್ನ ಯಾವ ಮಾತೂ ಇಲ್ಲದಿದ್ದಾಗ, “ಸಾಕಾಗಿದೆ ಅಕ್ಕ” ಅಂದಿದ್ದ. ಅಷ್ಟೇ ಅಂದದ್ದು. ಅವನ ರೇಜರು, ಬ್ಲೇಡು ಎಲ್ಲ ತೆಗೆದು ನನ್ನ ಬೀರುವಿನಲ್ಲಿ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಷಿನ್ನನ್ನು ಮೇಲಕ್ಕೆ ಹೊರಿಸಿಕೊಂಡು ಬಂದು ಅವನ ಎದುರಿಗೇ ಕೂತು ಹೊಲಿಯತೊಡಗಿದೆ. ಯಾಕೆ ಹೀಗೆ ಅಂತ ಅವನು ಒಂದು ಮಾತು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ಸೋಮವಾರ ಅವನು ಆ ಹೋಟೆಲಿಗೆ ಹೋಗದಿದ್ದರೆ ಇನ್ನು ಎದ್ದು ಎಲ್ಲಿಗೂ ಹೋಗುವುದಿಲ್ಲ ಅಂತ ನನಗೆ ಖಾತ್ರಿಯಾಗಿತ್ತು.

ಬೆರಳು ಆಗಲ್ಲ ಅಂದರೆ ಬ್ರಷ್ಷು. ಅವನ ಹಳೆಯದು ಕೂದಲುದುರಿ ಹೋಗಿತ್ತು. ಎಲ್ಲಕ್ಕಿಂತ ಮೆತ್ತನೆಯದು ತಂದರೆ ತಡೆದುಕೊಂಡಾನು ಅಂತ, ಪಕ್ಕದ ಮನೆಯಾಕೆಯನ್ನು ಅವನ ಜೊತೆ ಕೂರಿಸಿ, ಕ್ಷೌರದ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯಾತ ಗಾಜಿನ ಮೇಲೆ ಬ್ರಷ್ಷುಗಳನ್ನು ಸಾಲಾಗಿ ನಿಲ್ಲಿಸಿದ. ಇದು ಹಂದಿ ಕೂದಲು, ಬಿರುಸು. ಇದು ಕುದುರೆ ಕೂದಲು, ಮಧ್ಯಮ. ಇದು ನೈಲಾನು. ಇದು ಬ್ಯಾಡ್ಜರ್ ಅಂತ ಒಂದು ಹೊರದೇಶದ ಪ್ರಾಣಿಯದ್ದು, ಬೆಣ್ಣೆ ಇದ್ದ ಹಾಗೆ.

ನಾನು ಬಟ್ಟೆಯವಳು. ಯಾವ ಬಟ್ಟೆಯಾದರೂ ಕೆನ್ನೆಗೆ ಒತ್ತಿ ನೋಡಿಯೇ ಕೊಳ್ಳುವವಳು. ಒಂದೊಂದೇ ಬ್ರಷ್ಷು ತೆಗೆದು ಕೆನ್ನೆಗೆ, ಕತ್ತಿಗೆ, ಕೊನೆಗೆ ಕಣ್ಣುಮುಚ್ಚಿ ರೆಪ್ಪೆಗೂ ಸವರಿಕೊಂಡು ನೋಡಿದೆ. ಗಿರಾಕಿಗಳು ಇವಳಿಗೇನು ಗಡ್ಡ ಬಂತೇ ಅನ್ನುವ ಹಾಗೆ ನೋಡುತ್ತಿದ್ದರು, ನೋಡಲಿ. ಬ್ಯಾಡ್ಜರ್ ರೆಪ್ಪೆಗೆ ತಾಗಿದ್ದು ಗೊತ್ತೇ ಆಗಲಿಲ್ಲ. ಅದನ್ನೇ ತಂದೆ.

ಬಿಸಿನೀರಲ್ಲಿ ನೆನೆಸಿ, ನೊರೆ ಬರಿಸಿ, ಉಸಿರು ಬಿಗಿಹಿಡಿದು, ಹೂವು ಮುಟ್ಟಿದಷ್ಟು ಹಗುರವಾಗಿ ಅವನ ಕೆನ್ನೆಗೆ ತಾಗಿಸಿದೆ. ಅವನು ಕೂಗಲಿಲ್ಲ. ಕೂಗುವುದಕ್ಕೂ ಆಗದೆ ಬಾಯಿ ತೆರೆದು, ಕಣ್ಣು ಮೇಲಕ್ಕೆ ಹೋಗಿ, ಕುರ್ಚಿಯಿಂದ ಜಾರಿದ. ಈ ನೋವು ಕೊಟ್ಟದ್ದು ಕಾಯಿಲೆಯಲ್ಲ, ನನ್ನ ಕೈ.

ಮಾರನೆಯ ದಿನ ಮತ್ತೆ ಅಂಗಡಿಗೆ ಹೋಗಿ ಜಗಳ ತೆಗೆದೆ. “ಇದಕ್ಕಿಂತ ಮೆತ್ತಗಿರೋದು ಇಟ್ಕೊಂಡೇ ನನಗೆ ಇದನ್ನ ಅಂಟಿಸಿದ್ದೀಯ” ಅಂತ ಸುಮ್ಮಸುಮ್ಮನೆ ರೇಗಿದೆ. ಪಾಪ, ಆತ ಒಳಗಿನಿಂದ ಇನ್ನೊಂದು ನೈಲಾನಿನದು ತಂದ. ಹೊಸದಾಗಿ ಬಂದದ್ದಂತೆ. ಎಳೆ ಎಷ್ಟು ಸಣ್ಣ ಅಂದರೆ ಊದಿದರೆ ಹಾರುತ್ತಿತ್ತು. ಹೋದ ಜೀವ ಬಂದಂತಾಗಿ ತಂದು ಹಚ್ಚಿದೆ. ಮೊದಲಿಗಿಂತ ಕೆಟ್ಟದಾಯಿತು. ಒಂದರ ಹಿಂದೆ ಒಂದು ಮಿಂಚು, ಬಿಡುವೇ ಇಲ್ಲ. ನೆಲದ ಮೇಲೆ ಮುದುಡಿಕೊಂಡು, ನೊರೆ ಒರೆಸುವುದಕ್ಕೂ ನನ್ನನ್ನು ಹತ್ತಿರ ಬಿಡಲಿಲ್ಲ. ನೊರೆ ತಾನಾಗಿ ಒಣಗಿತು.

ಆಮೇಲೆ ಎದ್ದು ಕೂತು, ನೆಟ್ಟಗೆ ನನ್ನ ಮುಖ ನೋಡಿ, “ಅಕ್ಕ, ಬೀರು ಕೀಲಿ ಕೊಡು” ಅಂದ.

“ಯಾಕೆ?”

“ಯಾಕೆ ಅಂತ ನಿನಗೆ ಗೊತ್ತು.”

“ಕೊಡಲ್ಲ” ಅಂದೆ. “ನನ್ನ ಹೆಣದ ಮೇಲಿಂದ ತಗೋ ಬೇಕಾದ್ರೆ.” ಅವನು ಹಟ ಮಾಡಲಿಲ್ಲ, ಮತ್ತೆ ಗೋಡೆಗೆ ತಿರುಗಿದ. ನಾನು ಮಷಿನ್ನಿನ ಮುಂದೆ ಕೈಕಾಲು ಬಿಟ್ಟು ಕೂತೆ. ಡಾಕ್ಟರಮ್ಮನಿಗೆ ಫೋನ್ ಮಾಡಿ ಅತ್ತೆ. ತಕ್ಷಣ ಕರೆದುಕೊಂಡು ಬನ್ನಿ, ಒಬ್ಬನನ್ನೇ ಬಿಡಬೇಡಿ ಅಂದರು. ಹೋದೆವು. ಮಾತ್ರೆ ಏರಿಸಿದರು, ಅವನ ಜೊತೆ ತುಂಬ ಹೊತ್ತು ಮಾತಾಡಿದರು, ಆಪರೇಷನ್ ಸರದಿ ಬೇಗ ಬರುವ ಹಾಗೆ ನೋಡುತ್ತೇನೆ ಅಂದರು. ಅವನು ಎಲ್ಲದಕ್ಕೂ ತಲೆಯಾಡಿಸಿದ, ಕಲ್ಲಿನ ಹಾಗೆ. ನನಗೆ ಧೈರ್ಯ ಬರಲಿಲ್ಲ.

ಸೋಮವಾರಕ್ಕೆ ಇನ್ನು ಭಾನುವಾರವೊಂದೇ ಉಳಿದಿತ್ತು. ಭಾನುವಾರ ಮಧ್ಯಾಹ್ನ ಹಾಲು ಬಿಸಿ ಮಾಡಿಕೊಂಡು ಬಂದು ನೋಡಿದರೆ, ನನ್ನ ಹೊಲಿಗೆ ಮೇಜಿನ ಅಂಚಿಗೆ ಕೆನ್ನೆಯನ್ನು ಬಲವಾಗಿ ಅದುಮಿಕೊಂಡು ಕೂತಿದ್ದಾನೆ. ನೋವಿರುವ ಕೆನ್ನೆಯೇ. ಮರದ ಅಂಚು ಚರ್ಮದೊಳಗೆ ಇಳಿದಿದೆ. ಬುದ್ಧಿ ಕೆಟ್ಟಿತು ಇವನಿಗೆ ಅಂತ ಹೆದರಿದೆ.

“ಏನೋ ಇದು? ನೋಯಲ್ವೇನೋ?”

“ಹೀಗೆ ಒತ್ತಿ ಹಿಡಿದ್ರೆ ಬರಲ್ಲ ಅಕ್ಕ.”

“ಯಾವಾಗಿಂದ ಹೀಗೆ?”

“ಮೊದಲಿಂದಾನೂ.”

“ಮತ್ತೆ ಯಾಕೆ ಬಾಯಿ ಬಿಡಲಿಲ್ಲ?”

“ಏನಂತ ಹೇಳ್ಲಿ? ಮೇಜಿಗೆ ಮುಖ ಇಟ್ರೆ ಬರಲ್ಲ ಅಂತಲಾ?” ಅಂದವನು ತಲೆ ಎತ್ತಿದ. ಮೇಜಿನ ಮೇಲಿದ್ದ ಅಂಗಿಯಿಂದ ಒಂದು ದಾರದ ಎಳೆ ಇಳಿಬಿದ್ದಿತ್ತು, ಅದು ಕೆನ್ನೆಗೆ ಸೋಕಿತು. ಸೋಕಿತು ಅಷ್ಟೇ. ಅವನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಮುದುಡಿದ.

ಹಾಲಿನ ಲೋಟ ಹಿಡಿದುಕೊಂಡು ನಿಂತೇ ಇದ್ದೆ. ಮರದ ಮೇಜು ಮಾಡದ್ದನ್ನು ದಾರ ಮಾಡಿತ್ತು. ಕೂದಲೆಳೆ ಸೋಕಿದರೆ ಸಾಕು ಅಂತ ಡಾಕ್ಟರಮ್ಮ ಹೇಳಿದಾಗ ನಾನು ಹೆದರಿದ್ದು ಬರೀ ಭಾರಕ್ಕೆ. ಅವನಿಗೆ ಆಗದೆ ಇದ್ದದ್ದು ಹಗುರ. ಮೆತ್ತನೆಯದು, ಇನ್ನೂ ಮೆತ್ತನೆಯದು ಅಂತ ಅಂಗಡಿಗೆ ಅಲೆದು, ಹುಡುಕಿ ಹುಡುಕಿ ಆರಿಸಿ ತಂದು, ಅವನನ್ನು ಕೊಂದದ್ದೇ ನಾನು.

ಪಕ್ಕದ ಮನೆಯಾಕೆಯನ್ನು ಮತ್ತೆ ಕೂಗಿ ಕರೆದು, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ನನ್ನನ್ನು ಕಂಡ ಕೂಡಲೇ ಅಂಗಡಿಯಾತನ ಮುಖ ಬಾಡಿತು. “ಅಮ್ಮಾ, ಅದಕ್ಕಿಂತ ಮೆತ್ತಗಿರೋದು ನನ್ನ ಹತ್ರ ಇಲ್ಲ, ಎಲ್ಲೂ ಸಿಗಲ್ಲ” ಅಂತ ಮೊದಲೇ ಕೈಮುಗಿದ.

“ನನಗೆ ಬಿರುಸಾಗಿರೋದು ಬೇಕು. ನಿನ್ನ ಅಂಗಡಿಯಲ್ಲೇ ಅತಿ ಬಿರುಸು ಯಾವುದೋ ಅದು ಕೊಡು.”

ಆತ ನನ್ನ ಮುಖವನ್ನೇ ನೋಡಿದ. ಆಮೇಲೆ ಹಂದಿ ಕೂದಲಿನದೊಂದು ತೆಗೆದ. ಅಂಗೈಗೆ ಒತ್ತಿ ನೋಡಿದೆ, ಬಾಗಿತು. ಸಾಲದು ಅಂದೆ. ಇನ್ನೊಂದು ತೆಗೆದ. ಸಾಲದು. ಕೊನೆಗೆ ಮೂಲೆಯ ಡಬ್ಬದಿಂದ ಒಂದು ದಪ್ಪನೆಯದು ಹುಡುಕಿ ತೆಗೆದು, “ಇದನ್ನ ಯಾರೂ ತಗೊಳ್ಳಲ್ಲಮ್ಮ, ಮುಖ ಕೆರೆಯುತ್ತೆ” ಅಂದ. ಅಂಗೈ ಚುಚ್ಚಿತು. ಅದೇ ಸರಿ ಅಂದೆ.

ಮನೆಗೆ ಬಂದು ನನ್ನ ದೊಡ್ಡ ಕತ್ತರಿ ತೆಗೆದುಕೊಂಡು ಅದರ ಕೂದಲನ್ನು ಅರ್ಧಕ್ಕೆ ಕತ್ತರಿಸಿ ಹಾಕಿದೆ. ಗಿಡ್ಡ ಮಾಡಿದಷ್ಟೂ ಗಟ್ಟಿ, ಅದು ನನಗೆ ಗೊತ್ತು. ತುದಿಯಲ್ಲಿ ಒಂದೇ ಒಂದು ಎಳೆ ಉದ್ದ ಉಳಿಯದ ಹಾಗೆ ದೀಪದ ಕೆಳಗೆ ಹಿಡಿದು ಸಮ ಮಾಡಿದೆ. ನೋಡಲು ಪಾತ್ರೆ ಉಜ್ಜುವ ಬ್ರಷ್ಷಿನ ಹಾಗಾಯಿತು.

“ಬೇಡ ಅಕ್ಕ” ಅಂದ. “ನಿನ್ನ ಕಾಲಿಗೆ ಬೀಳ್ತೀನಿ, ಬೇಡ.”

“ಒಂದೇ ಸಲ. ಇದೂ ಆಗದಿದ್ರೆ ನಾನು ಇನ್ನು ನಿನ್ನ ಮುಖ ಮುಟ್ಟಲ್ಲ.”

ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಮೊದಲು ಅಂಗೈಯಿಂದ ಕೆನ್ನೆಗೆ ಅದುಮಿ ಹಿಡಿದೆ. ಅವನ ಮೈಯೆಲ್ಲ ಬಿಗಿದುಕೊಂಡಿತು. ಕಾದೆವು. ಏನೂ ಬರಲಿಲ್ಲ. ಟವೆಲು ತೆಗೆದ ಕ್ಷಣವೇ ನೊರೆ ತುಂಬಿದ ಆ ಮೋಟು ಬ್ರಷ್ಷನ್ನು ಒತ್ತಿದೆ. ಎತ್ತದೆ, ಸವರದೆ, ಹಿಟ್ಟು ನಾದುವ ಹಾಗೆ ಒತ್ತಿ ಒತ್ತಿ ತಿರುಗಿಸಿದೆ. ನನ್ನ ಇನ್ನೊಂದು ಕೈ ಅವನ ತಲೆಯ ಹಿಂದೆ ಇತ್ತು. ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದ, ಕಣ್ಣೀರು ನೊರೆಯೊಳಗೆ ಇಳಿಯುತ್ತಿತ್ತು. “ಬಂತಾ?” ಅಂದೆ. “ಇಲ್ಲ.” “ಈಗ?” “ಇಲ್ಲ ಅಕ್ಕ. ಒತ್ತು.”

ಬೀರುವಿನಿಂದ ರೇಜರು ತಂದು, ಅದನ್ನೂ ಗಟ್ಟಿಯಾಗಿ ಊರಿ ಎಳೆದೆ. ನಡುವೆ ಎರಡು ಸಲ ನೋವು ಬಂತು, ಸುಳ್ಳು ಹೇಳುವುದಿಲ್ಲ. ಕೈ ಹಗುರಾದಾಗ ಬಂತು. ಆಗೆಲ್ಲ ಅಂಗೈ ಒತ್ತಿಟ್ಟುಕೊಂಡು, ಅದು ಹೋಗುವವರೆಗೂ ಇಬ್ಬರೂ ಅಲ್ಲಾಡದೆ ಇದ್ದೆವು. ಎಷ್ಟು ಕಾಲವಾಗಿತ್ತು ಆ ಮುಖವನ್ನು ನಾನು ಮುಟ್ಟಿ. ಹೊತ್ತು ಇಳಿಯುವಷ್ಟರಲ್ಲಿ ಗಡ್ಡ ಹೋಗಿತ್ತು. ಒಳಗಿನಿಂದ ಬಂದ ಮುಖ ಬಡಕಲಾಗಿತ್ತು, ದವಡೆ ಒಳಕ್ಕೆ ಹೋಗಿತ್ತು, ಅಲ್ಲಲ್ಲಿ ಕೆರೆದು ಕೆಂಪಾಗಿತ್ತು.

ಕೈಗನ್ನಡಿ ಕೊಟ್ಟೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡ. ಒಂದು ಒಳ್ಳೆಯ ಮಾತು ಆಡುತ್ತಾನೆ ಅಂತ ಕಾದೆ.

“ಕಿವಿ ಕೆಳಗೆ ಹಾಗೇ ಬಿಟ್ಟಿದ್ದೀಯ” ಅಂದ. “ಗದ್ದದ ಹತ್ರಾನೂ ನೆಟ್ಟಗಿಲ್ಲ. ನಾಳೆ ಇನ್ನೂ ಸ್ವಲ್ಪ ಒತ್ತಿ ಮಾಡು.”

ಬೇರೆ ದಿನವಾಗಿದ್ದರೆ ಆ ಬಟ್ಟಲಿನ ನೀರು ಅವನ ತಲೆ ಮೇಲೆ ಇರುತ್ತಿತ್ತು. ಸುಮ್ಮನೆ ಬಟ್ಟಲು ಎತ್ತಿಕೊಂಡು ಬಚ್ಚಲಿಗೆ ಹೋದೆ. ನಾಳೆ ಅಂದಿದ್ದ ನನ್ನ ತಮ್ಮ. ನಲ್ಲಿಯನ್ನು ಜೋರಾಗಿ ಬಿಟ್ಟು, ಅವನಿಗೆ ಕೇಳಿಸದ ಹಾಗೆ, ಮನಸಾರೆ ಅತ್ತೆ.